ಮನೆಯಲ್ಲೇ ನೋಟ್‌ಬುಕ್ ಹೊಲಿದು ಗಟ್ಟಿ ರಟ್ಟು ಕಟ್ಟುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೈಯಾರೆ ಕಟ್ಟಿದ ನೋಟ್‌ಬುಕ್ಕು ಕೆಡುವುದು ಸಾಮಾನ್ಯವಾಗಿ ಮೂರು ಬಗೆಯಲ್ಲಿ. ಒಂದೆರಡು ದಿನ ಕಳೆಯುವಷ್ಟರಲ್ಲಿ ರಟ್ಟು ದೋಣಿಯಂತೆ ಬಾಗಿಬಿಡುತ್ತದೆ. ಇಲ್ಲವೇ ಬಿಚ್ಚಿಟ್ಟ ಪುಟ ಬಿಚ್ಚಿದಂತೆ ನಿಲ್ಲದೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಇಲ್ಲವೇ ನಡುವಿನ ಹಾಳೆಗಳು ಸಡಿಲಗೊಂಡು ಕೈಗೇ ಬರುತ್ತವೆ. ಮಾಡಿದವರು ಅಂಟನ್ನು ದೂರುತ್ತಾರೆ, ಬೇರೆ ಅಂಟು ತಂದು ಮತ್ತೆ ಕೂರುತ್ತಾರೆ, ಮತ್ತೆ ಅದೇ ಕತೆ. ಅಂಟಿನದು ತಪ್ಪಾಗಿರುವುದು ಅಪರೂಪ. ಮೊದಲ ಎರಡು ತೊಂದರೆಗೆ ಹೆಚ್ಚಿನ ಸಲ ಕಾರಣ, ಕಾಗದದ ನಾರು ಯಾವ ಕಡೆಗೆ ಓಡುತ್ತದೆ ಎಂದು ನೋಡದೆ ಕತ್ತರಿಸಿದ್ದು. ಮೂರನೆಯದಕ್ಕೆ ಕಾರಣ, ದಾರವನ್ನು ತಪ್ಪು ಕಡೆಗೆ ಎಳೆದದ್ದು. ಎರಡೂ ಕೆಲಸದ ಮೊದಲರ್ಧದಲ್ಲೇ ಮುಗಿದುಹೋಗುವ ಸಂಗತಿಗಳು. ಹಾಗಾಗಿ ಕೊನೆಯಲ್ಲಿ ಎಷ್ಟು ಒಳ್ಳೆಯ ಅಂಟು ಹಚ್ಚಿದರೂ ಅವು ಸರಿಹೋಗುವುದಿಲ್ಲ.

ಇಲ್ಲಿ ಕಟ್ಟುವುದು ಜೇಬಿನಲ್ಲಿ ಹಿಡಿಯುವ ಎ6 ಅಳತೆಯ ನೋಟ್‌ಬುಕ್. ಪುಟ 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರ, ಒಟ್ಟು 128 ಪುಟ. ಈ ಅಳತೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ, ಮೊದಲ ಹಂತದಲ್ಲೇ ಅದು ತಿಳಿಯುತ್ತದೆ. ಕೈಕೆಲಸ ಒಂದು ದಿನದ್ದು. ಆದರೆ ನಡುನಡುವೆ ಒತ್ತಡದಲ್ಲಿಟ್ಟು ಒಣಗಿಸಬೇಕಾಗಿರುವುದರಿಂದ ಮೂರು ದಿನಕ್ಕೆ ಹಂಚಿಕೊಳ್ಳಿ. ಒಂದೇ ಸಂಜೆಯಲ್ಲಿ ಮುಗಿಸಲು ಹೊರಟರೆ ಖಂಡಿತ ಕೆಡುತ್ತದೆ.

## ಬೇಕಾದ ಸಾಮಾನು

ಕಾಗದ: ಸಾಮಾನ್ಯ 80 ಜಿಎಸ್‌ಎಂ ಎ4 ಹಾಳೆ 16. ಅಸ್ತರಿಗೆ, ಅಂದರೆ ರಟ್ಟಿನ ಒಳಮೈಗೆ ಅಂಟುವ ಹಾಳೆಗೆ, ಸ್ವಲ್ಪ ದಪ್ಪನೆಯ, 100ರಿಂದ 120 ಜಿಎಸ್‌ಎಂನ ಎ4 ಹಾಳೆ 1.

ರಟ್ಟು: 2 ಮಿ.ಮೀ. ದಪ್ಪದ ಬೂದು ರಟ್ಟು. ಸಾಮಾನು ಬಂದ ಪೆಟ್ಟಿಗೆಯ ಅಲೆಅಲೆ ರಟ್ಟು ಬೇಡ. ಒತ್ತಡಕ್ಕೆ ಅದರ ಅಲೆಗಳು ಕುಸಿದು ಹೊದಿಕೆಯ ಮೇಲೆ ಗೆರೆಗಳಾಗಿ ಎದ್ದು ಕಾಣುತ್ತವೆ.

ದಾರ: ಲಿನನ್ ದಾರ, ಸಿಗದಿದ್ದರೆ ಗಟ್ಟಿಯಾದ ಹತ್ತಿ ದಾರ. ಬಟ್ಟೆ ಹೊಲಿಯುವ ಯಂತ್ರದ ಸಣ್ಣ ಪಾಲಿಯೆಸ್ಟರ್ ದಾರ ಬಲವಾಗಿಯೇನೋ ಇರುತ್ತದೆ, ಆದರೆ ಅದು ಕಾಗದವನ್ನು ಕೊಯ್ಯುತ್ತದೆ. ದಾರಕ್ಕೆ ತೀಡಲು ಒಂದು ತುಂಡು ಜೇನುಮೇಣ. ಮೊನೆ ಮೊಂಡಾದ ಸೂಜಿ. 10 ಮಿ.ಮೀ. ಅಗಲದ ಹತ್ತಿಯ ಟೇಪು, 8 ಸೆಂ.ಮೀ. ಉದ್ದದ ಎರಡು ತುಂಡು.

ಅಂಟು: ಮರಗೆಲಸಕ್ಕೆ ಬಳಸುವ ಬಿಳಿಯ ಪಿವಿಎ ಅಂಟು, ಜೊತೆಗೆ ಸ್ವಲ್ಪ ಹಿಟ್ಟಿನ ಅಂಟು. ಒಂದು ಪಾಲು ಗೋಧಿ ಹಿಟ್ಟನ್ನು ಐದು ಪಾಲು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಗಟ್ಟಿಯಾಗುವವರೆಗೆ ಕಾಯಿಸಿ ಆರಿಸಿದರೆ ಹಿಟ್ಟಿನ ಅಂಟು ಸಿದ್ಧ. ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಹುಳಿಯುತ್ತದೆ. ಪಿವಿಎ ಬೇಗ ಹಿಡಿಯುತ್ತದೆ, ಅಂಟಿಸಿದ್ದನ್ನು ಸರಿಸಲು ಸಮಯ ಕೊಡುವುದಿಲ್ಲ. ಎರಡು ಪಾಲು ಪಿವಿಎಗೆ ಒಂದು ಪಾಲು ಹಿಟ್ಟಿನ ಅಂಟು ಬೆರೆಸಿದರೆ ಬಟ್ಟೆಯನ್ನು ಎಳೆದು ಕೂರಿಸಲು ಸಾಕಷ್ಟು ಬಿಡುವು ಸಿಗುತ್ತದೆ. ಕಡ್ಡಿ ರೂಪದ ಅಂಟು, ರಬ್ಬರ್ ಅಂಟು ಎರಡೂ ಈ ಕೆಲಸಕ್ಕಲ್ಲ. ಇಂದು ಹಿಡಿದಂತೆ ಕಂಡರೂ ತಿಂಗಳುಗಳಲ್ಲಿ ಬಿಟ್ಟುಕೊಳ್ಳುತ್ತವೆ.

ಹೊದಿಕೆಗೆ: ಒತ್ತಾಗಿ ನೇಯ್ದ ತೆಳು ಹತ್ತಿ ಬಟ್ಟೆ, ಅದರ ಬೆನ್ನಿಗೆ ಅಂಟಿಸಲು ತೆಳು ಕಾಗದ. ಪುಸ್ತಕದ ಬೆನ್ನಿಗೆ, ಗಾಯಕ್ಕೆ ಸುತ್ತುವ ಬ್ಯಾಂಡೇಜಿನಂಥ ಸಡಿಲ ನೇಯ್ಗೆಯ ಬಟ್ಟೆ.

ಉಪಕರಣ: ಉಕ್ಕಿನ ಸ್ಕೇಲು, ಮೂಲೆಮಟ್ಟ, ಹೊಸ ಬ್ಲೇಡು ಹಾಕಿದ ಕಟರ್, ಕೆಳಗಿಡಲು ಕತ್ತರಿಸುವ ಮ್ಯಾಟ್, ಅಗಲವಾದ ಬ್ರಷ್, ತೂತು ಮಾಡಲು ಹಿಂಬದಿಗೆ ಕಾರ್ಕ್ ಚುಚ್ಚಿಕೊಂಡ ದಪ್ಪ ಸೂಜಿ, ಮಡಿಕೆ ತೀಡಲು ನಯವಾದ ಚಮಚದ ಬೆನ್ನು, ಎರಡು ಹೆಣಿಗೆ ಕಡ್ಡಿ, ಅಂಟು ಹತ್ತದ ಮೇಣದ ಕಾಗದ, ಎರಡು ಸಪಾಟು ಹಲಗೆ, ಮೇಲೆ ಹೇರಲು ಭಾರ. ಅಂಟು ಹಚ್ಚುವಾಗ ಅಡಿಗಿಡಲು ಏನೂ ಅಚ್ಚಾಗದ ರದ್ದಿ ಹಾಳೆಗಳನ್ನು ಕೂಡಿಸಿಟ್ಟುಕೊಳ್ಳಿ. ಸುದ್ದಿಪತ್ರಿಕೆಯ ಶಾಯಿ ಒದ್ದೆಯಾದರೆ ಬಟ್ಟೆಗೆ ಹತ್ತುತ್ತದೆ.

## ಹಂತ 1: ನಾರಿನ ದಿಕ್ಕು ಕಂಡುಕೊಳ್ಳಿ

ಯಂತ್ರದಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳಲ್ಲಿ ಹೆಚ್ಚಿನವು ಒಂದೇ ಕಡೆಗೆ ಮುಖ ಮಾಡಿ ಮಲಗುತ್ತವೆ. ನಾರು ತೇವ ಕುಡಿದಾಗ ದಪ್ಪವಾಗುತ್ತದೆ, ಉದ್ದ ಆಗುವುದು ತೀರ ಕಡಿಮೆ. ಅಂದರೆ ಅಂಟು ಹಚ್ಚಿದ ಹಾಳೆ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗುವಾಗ ಅದೇ ದಿಕ್ಕಿನಲ್ಲಿ ಕುಗ್ಗಿ ರಟ್ಟನ್ನು ಎಳೆಯುತ್ತದೆ. ರಟ್ಟು ಬಾಗುವುದರ ಗುಟ್ಟು ಇಷ್ಟೇ.

ನಿಯಮವೂ ಒಂದೇ: ಪುಟ, ಅಸ್ತರು, ರಟ್ಟು, ಬೆನ್ನಿನ ಕಾಗದ, ಎಲ್ಲದರ ನಾರೂ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಮೇಲಿಂದ ಕೆಳಕ್ಕೆ ಓಡಬೇಕು.

ಪರೀಕ್ಷೆ ಸುಲಭ. ಹಾಳೆಯನ್ನು ಗೀರು ಬೀಳದಂತೆ ಅರ್ಧಕ್ಕೆ ಬಾಗಿಸಿ ಅಂಗೈಯಿಂದ ಮೆತ್ತಗೆ ಅದುಮಿ. ಇನ್ನೊಂದು ಕಡೆಯಿಂದಲೂ ಹಾಗೆಯೇ ಮಾಡಿ. ಯಾವ ಕಡೆ ಕಡಿಮೆ ಸೆಟೆಯುತ್ತದೋ ಆ ಮಡಿಕೆಯ ಗೆರೆಯೇ ನಾರಿನ ದಿಕ್ಕು. ಅನುಮಾನ ಉಳಿದರೆ ಒಂದು ಸಣ್ಣ ತುಂಡಿನ ಒಂದು ಮಗ್ಗುಲನ್ನು ಮಾತ್ರ ಒದ್ದೆ ಮಾಡಿ. ಅದು ತಕ್ಷಣ ಕೊಳವೆಯಾಗಿ ಸುರುಳಿಕೊಳ್ಳುತ್ತದೆ, ಆ ಕೊಳವೆಯ ಉದ್ದವೇ ನಾರಿನ ದಿಕ್ಕು. ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ ನೋಡಿದರೆ ಸಾಕು, ವ್ಯತ್ಯಾಸ ಕೈಗೆ ಚೆನ್ನಾಗಿಯೇ ತಿಳಿಯುತ್ತದೆ. ತಿಳಿದೊಡನೆ ಪೆನ್ಸಿಲಿನಿಂದ ಬಾಣದ ಗುರುತು ಹಾಕಿ, ಕತ್ತರಿಸಿದ ಪ್ರತಿ ತುಂಡಿನ ಮೇಲೂ.

ಈಗ ಎ6 ಯಾಕೆ ಎಂಬುದು. ಮಾರುಕಟ್ಟೆಯಲ್ಲಿ ಸಿಗುವ ಎ4 ಹಾಳೆಗಳಲ್ಲಿ ಬಹುಪಾಲು ನಾರು 297 ಮಿ.ಮೀ.ನ ಉದ್ದನೆಯ ಬದಿಗೆ ಸಮಾನಾಂತರವಾಗಿರುತ್ತದೆ. ಎಲ್ಲರೂ ಮಾಡುವಂತೆ ಅದನ್ನು ಅರ್ಧಕ್ಕೆ ಮಡಿಸಿ ಎ5 ನೋಟ್‌ಬುಕ್ ಕಟ್ಟಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಪುಟಗಳು ಸೆಟೆದುಕೊಳ್ಳುವುದು ಇದಕ್ಕೇ. ಅದೇ ಎ4 ಹಾಳೆಯನ್ನು ಮೊದಲು ಕತ್ತರಿಸಿ ಎರಡು ಎ5 ಮಾಡಿ, ಪ್ರತಿಯೊಂದನ್ನೂ ಮಡಿಸಿ ಎ6 ಮಾಡಿದರೆ ಮಡಿಕೆ ನಾರಿನ ಜೊತೆಗೇ ಓಡುತ್ತದೆ. ಎ5 ನೋಟ್‌ಬುಕ್ಕೇ ಬೇಕೆಂದರೆ ಉದ್ದ ನಾರಿನ ಎ3 ಹಾಳೆ ತಂದು ಅರ್ಧಕ್ಕೆ ಕತ್ತರಿಸಿಕೊಳ್ಳಿ. ಹಾಗೆ ಸಿಕ್ಕ ಎ4 ಹಾಳೆಯಲ್ಲಿ ನಾರು ಚಿಕ್ಕ ಬದಿಗೆ ಸಮಾನಾಂತರವಾಗಿರುತ್ತದೆ.

## ಹಂತ 2: ಕತ್ತರಿಸಿ, ಮಡಿಸಿ, ಕಂತೆ ಮಾಡಿ

16 ಎ4 ಹಾಳೆಗಳನ್ನು ಅರ್ಧಕ್ಕೆ ಕತ್ತರಿಸಿ. 32 ತುಂಡು ಸಿಗುತ್ತವೆ. ಒಂದು ಸಲಕ್ಕೆ ಮೂರ್ನಾಲ್ಕು ಹಾಳೆ ಸಾಕು. ಹೆಚ್ಚು ಪೇರಿಸಿದರೆ ಬ್ಲೇಡು ಒಳಗೆ ಓರೆಯಾಗಿ ಹೋಗಿ ಕೆಳಗಿನ ಹಾಳೆ ಒಂದು ಮಿಲಿಮೀಟರ್ ಚಿಕ್ಕದಾಗುತ್ತದೆ. ಸ್ಕೇಲು ಹಿಡಿದ ಬೆರಳು ಅದರ ಅಂಚಿನಿಂದ ಒಳಗಿರಲಿ. ಬಲ ಹಾಕಿ ಒಂದೇ ಎಳೆತಕ್ಕೆ ಕತ್ತರಿಸಲು ಹೋಗುವುದೇ ಬೆರಳು ಕೊಯ್ದುಕೊಳ್ಳುವ ದಾರಿ.

ಒಂದೊಂದೇ ತುಂಡನ್ನು ಮಡಿಸಿ, ಚಮಚದ ಬೆನ್ನಿನಿಂದ ಮಡಿಕೆ ತೀಡಿ. ಮೂಲೆಗೆ ಮೂಲೆ ಕೂಡಿಸಿ, ಮಡಿಕೆಯ ನಡುವಿನಿಂದ ಹೊರಕ್ಕೆ ತೀಡಿದರೆ ಸುಕ್ಕು ಬೀಳುವುದಿಲ್ಲ. ನಂತರ ನಾಲ್ಕು ನಾಲ್ಕನ್ನು ಒಂದರೊಳಗೊಂದು ಸೇರಿಸಿ. ಇದು ಒಂದು ಕಂತೆ, ಇಂಥ ಎಂಟು ಕಂತೆ. ಒಂದು ಕಂತೆಗೆ ಆರೆಂಟು ಹಾಳೆ ತುರುಕಿದರೆ ಹೊಲಿಗೆ ಬೇಗ ಮುಗಿಯುತ್ತದೆ ನಿಜ, ಆದರೆ ಒಳಗಿನ ಹಾಳೆಗಳು ಹೊರಕ್ಕೆ ಚಾಚಿಕೊಂಡು ಅಂಚು ಇಳಿಜಾರಾಗುತ್ತದೆ. ಆಗ ಅಂಚು ಕತ್ತರಿಸಿ ಸಮ ಮಾಡಬೇಕು, ಮನೆಯ ಕಟರಿನಲ್ಲಿ ಅದು ನೆಟ್ಟಗೆ ಬರುವುದೇ ಇಲ್ಲ.

ಎಂಟೂ ಕಂತೆಗಳನ್ನು ಹಲಗೆಗಳ ನಡುವೆ ಇಟ್ಟು, ಭಾರ ಹೇರಿ, ರಾತ್ರಿಯಿಡೀ ಬಿಡಿ. ಈ ಹಂತವನ್ನು ಬಿಡುವವರೇ ಹೆಚ್ಚು. ಒತ್ತಡ ಕಾಣದ ಕಂತೆಗಳ ನಡುವೆ ಗಾಳಿ ಉಳಿದಿರುತ್ತದೆ, ಅದರ ಮೇಲೆ ಹಾಕಿದ ಹೊಲಿಗೆ ಎಷ್ಟು ಬಿಗಿಯಾಗಿ ಕಂಡರೂ ಆಮೇಲೆ ಸಡಿಲವಾಗುತ್ತದೆ.

## ಹಂತ 3: ತೂತು

ದಪ್ಪ ಕಾಗದದ ಒಂದು ಪಟ್ಟಿಯನ್ನು ಸರಿಯಾಗಿ 148 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಉದ್ದಕ್ಕೆ ಮಡಿಸಿ. ಒಂದು ತುದಿಯಿಂದ 12, 45, 57, 91, 103, 136 ಮಿ.ಮೀ.ಗೆ ಗುರುತು ಹಾಕಿ. ಅಳತೆಗೆ ಶುರು ಮಾಡಿದ ತುದಿಯ ಮೇಲೆ ‘ಮೇಲೆ’ ಎಂದು ಬರೆದಿಡಿ. ಎಷ್ಟೇ ಎಚ್ಚರದಿಂದ ಅಳೆದರೂ ಅರ್ಧ ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಕಂತೆಗೆ ಪಟ್ಟಿ ತಲೆಕೆಳಗಾಗಿ ಹಿಡಿದರೆ ಆ ಕಂತೆ ಮಾತ್ರ ಎದ್ದು ನಿಲ್ಲುತ್ತದೆ.

ಕಂತೆಯನ್ನು ಅರೆತೆರೆದು ಹಿಡಿದು ಪಟ್ಟಿಯನ್ನು ಮಡಿಕೆಯೊಳಗೆ ಕೂರಿಸಿ. ಒಳಗಿನಿಂದ ಹೊರಕ್ಕೆ ಚುಚ್ಚಿ. ಸೂಜಿಯ ಮೊನೆ ಹೊರಬರಬೇಕಾದದ್ದು ಮಡಿಕೆಯ ಗೆರೆಯ ನೆತ್ತಿಯಲ್ಲೇ. ಪಕ್ಕಕ್ಕೆ ಜಾರಿ ಬಂದರೆ ಹೊರಗಿನ ಹಾಳೆ ಅಲ್ಲಿಂದಲೇ ಹರಿಯಲು ಶುರುವಾಗುತ್ತದೆ. ದಾರ ದಾಟುವಷ್ಟು ತೂತು ಸಾಕು, ಸೂಜಿಯನ್ನು ತಿರುಗಿಸಿ ದೊಡ್ಡದು ಮಾಡಬೇಡಿ.

ಎಲ್ಲ ಮುಗಿದ ಮೇಲೆ ಕಂತೆಗಳನ್ನು ಜೋಡಿಸಿ ಬೆನ್ನಿನ ಮೇಲೆ ಪೆನ್ಸಿಲಿನಿಂದ ಒಂದು ಓರೆಗೆರೆ ಎಳೆಯಿರಿ, ಮೊದಲ ಕಂತೆಯಿಂದ ಎಂಟನೆಯದರವರೆಗೆ. ಹೊಲಿಯುವಾಗ ಯಾವುದಾದರೂ ಕಂತೆ ಅದಲುಬದಲಾದರೆ ಗೆರೆ ತುಂಡಾಗಿ ಕಾಣುತ್ತದೆ.

## ಹಂತ 4: ಹೊಲಿಗೆ

ದಾರದ ಉದ್ದಕ್ಕೆ ಲೆಕ್ಕ ಇದೆ: ಬೆನ್ನಿನ ಎತ್ತರವನ್ನು ಕಂತೆಗಳ ಸಂಖ್ಯೆಯಿಂದ ಗುಣಿಸಿ, ಗಂಟಿಗೆಂದು ಸ್ವಲ್ಪ ಕೂಡಿಸುವುದು. ನಮ್ಮದಕ್ಕೆ 140 ಸೆಂ.ಮೀ. ಮೇಣದ ಮೇಲೆ ಒಂದೆರಡು ಸಲ ಎಳೆದುಕೊಳ್ಳಿ. ಮೇಣ ಹತ್ತಿದ ದಾರ ಗೋಜಲಾಗುವುದಿಲ್ಲ, ಹಾಕಿದ ಹೊಲಿಗೆ ಹಿಂದಕ್ಕೆ ಜಾರುವುದೂ ಇಲ್ಲ.

ಎರಡು ಟೇಪುಗಳನ್ನು ಮೇಜಿನ ಅಂಚಿಗೆ ನೆಟ್ಟಗೆ ನಿಲ್ಲುವಂತೆ ಅಂಟಿಸಿಕೊಳ್ಳಿ. ಒಂದು 2 ಮತ್ತು 3ನೇ ತೂತುಗಳ ನಡುವೆ, ಇನ್ನೊಂದು 4 ಮತ್ತು 5ರ ನಡುವೆ ಬರಬೇಕು. ಮೊದಲ ಕಂತೆಯನ್ನು ಅದರ ಬೆನ್ನು ನಿಮ್ಮ ಕಡೆಗೆ ಬರುವಂತೆ ಮೇಜಿನ ಅಂಚಿನಲ್ಲಿ ಮಲಗಿಸಿ.

1ನೇ ತೂತಿಗೆ ಹೊರಗಿನಿಂದ ಸೂಜಿ ಒಳಕ್ಕೆ. ದಾರದ ಬಾಲ 8 ಸೆಂ.ಮೀ.ನಷ್ಟು ಹೊರಗೇ ಇರಲಿ. 2ರಲ್ಲಿ ಹೊರಕ್ಕೆ ಬಂದು, ಟೇಪಿನ ಮೇಲೆ ಹಾಯ್ದು, 3ರಲ್ಲಿ ಒಳಕ್ಕೆ. 4ರಲ್ಲಿ ಹೊರಕ್ಕೆ, ಟೇಪು ದಾಟಿ 5ರಲ್ಲಿ ಒಳಕ್ಕೆ, 6ರಲ್ಲಿ ಹೊರಕ್ಕೆ. ಅದರ ಮೇಲೆ ಎರಡನೇ ಕಂತೆ ಇಟ್ಟು 6ರಿಂದ ಒಳಹೊಕ್ಕು ಅದೇ ಬಗೆಯಲ್ಲಿ ಹಿಂದಕ್ಕೆ ಬನ್ನಿ. 1ರಲ್ಲಿ ಹೊರಬಂದಾಗ ದಾರವನ್ನು ಬಿಗಿ ಮಾಡಿ, ಮೊದಲು ಬಿಟ್ಟ ಬಾಲದ ಜೊತೆ ಎರಡು ಗಂಟು ಹಾಕಿ.

ಮೂರನೇ ಕಂತೆಯಿಂದ ಪ್ರತಿ ತುದಿಯಲ್ಲೂ ಕೊಂಡಿ ಗಂಟು ಬರುತ್ತದೆ. ಮೂರನೆಯದರ 6ನೇ ತೂತಿನಿಂದ ಹೊರಬಂದ ಸೂಜಿಯನ್ನು ಕೆಳಗಿನ ಎರಡು ಕಂತೆಗಳನ್ನು ಕೂಡಿಸಿರುವ ದಾರದ ಹಿಂದಿನಿಂದ ತೂರಿಸಿ. ಪೂರ್ತಿ ಎಳೆಯುವ ಮುನ್ನ ಒಂದು ಸಣ್ಣ ಕುಣಿಕೆ ಉಳಿಯುತ್ತದೆ, ಅದರೊಳಗಿಂದ ಸೂಜಿ ದಾಟಿಸಿ ಬಿಗಿ ಮಾಡಿ. ಆಮೇಲೆ ನಾಲ್ಕನೇ ಕಂತೆಗೆ ಹತ್ತಿ. ಕೊನೆಯ ಕಂತೆಯ ತುದಿಯಲ್ಲಿ ಇದೇ ಗಂಟನ್ನು ಎರಡು ಸಲ ಹಾಕಿ ದಾರವನ್ನು ಒಂದು ಸೆಂ.ಮೀ. ಬಿಟ್ಟು ಕತ್ತರಿಸಿ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ದಾರವನ್ನು ಯಾವತ್ತೂ ನಿಮ್ಮ ಕಡೆಗೆ ಎಳೆಯಬೇಡಿ. ಬೆನ್ನಿನ ಉದ್ದಕ್ಕೆ, ಹೊಲಿಗೆ ಸಾಗುತ್ತಿರುವ ದಿಕ್ಕಿಗೇ ಎಳೆಯಿರಿ. ನಿಮ್ಮ ಕಡೆಗೆ ಎಳೆದರೆ ದಾರ ಗರಗಸದಂತೆ ತೂತಿನಿಂದ ತೂತಿಗೆ ಮಡಿಕೆಯನ್ನು ಸೀಳುತ್ತದೆ. ಸೀಳು ಒಳಗಿನ ಹಾಳೆಯಲ್ಲಿ ಆಗುವುದರಿಂದ ಹೊಲಿಯುವಾಗ ಕಣ್ಣಿಗೆ ಬೀಳುವುದಿಲ್ಲ. ತಿಂಗಳ ನಂತರ ನಡುಹಾಳೆ ಕೈಗೆ ಬಂದಾಗಲೇ ಗೊತ್ತಾಗುವುದು. ಪ್ರತಿ ಕಂತೆ ಮುಗಿದಾಗ ಅದರ ನಡುಪುಟ ತೆರೆದು ನೋಡಿ. ದಾರ ಸಡಿಲವಾಗಿ ಕಮಾನು ಕಟ್ಟಿದ್ದರೆ ಬಿಗಿ ಸಾಲದು, ತೂತು ಉದ್ದವಾಗಿ ಹಿಗ್ಗಿದ್ದರೆ ಬಿಗಿ ಹೆಚ್ಚಾಯಿತು. ಬಿಗಿ ಮಾಡುವುದನ್ನು ಆ ಕಂತೆಯಲ್ಲೇ ಮಾಡಬೇಕು. ಮುಂದಿನ ಗಂಟು ಬಿದ್ದ ಮೇಲೆ ಹಿಂದಿನದಕ್ಕೆ ಎಳೆತ ತಲುಪುವುದಿಲ್ಲ.

ಹೊಲಿದು ಮುಗಿದಾಗ ಬೆನ್ನಿನ ಕಡೆ ಮುಂಬದಿಗಿಂತ ತುಸು ಉಬ್ಬಿರುವುದು ಸಹಜ. ಬೆಣೆಯಂತೆ ಕಾಣುವಷ್ಟು ಉಬ್ಬಿದ್ದರೆ ದಾರ ದಪ್ಪವಾಯಿತು ಎಂದರ್ಥ. ಬಿಚ್ಚಿ ತೆಳುವಾದ ದಾರದಲ್ಲಿ ಹೊಲಿಯುವುದು ಬೇಸರದ ಕೆಲಸ ಹೌದು, ಆದರೆ ಹಾಗೆಯೇ ಬಿಟ್ಟರೆ ಮುಚ್ಚಿದ ರಟ್ಟು ಯಾವತ್ತೂ ಸಮತಟ್ಟಾಗಿ ಕೂರುವುದಿಲ್ಲ.

## ಹಂತ 5: ಅಸ್ತರು, ಆಮೇಲೆ ಬೆನ್ನಿಗೆ ಅಂಟು

ದಪ್ಪ ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಎರಡನ್ನೂ ಎ6ಗೆ ಮಡಿಸಿ. ನಾರಿನ ದಿಕ್ಕನ್ನು ಇದರಲ್ಲೂ ಪರೀಕ್ಷಿಸಿ. ಹೊಲಿದ ಒಡಲಿನ ಮೊದಲ ಪುಟದ ಮೇಲೆ, ಬೆನ್ನಿನ ಅಂಚಿನಲ್ಲಿ ಬರೀ 3 ಮಿ.ಮೀ. ಜಾಗ ಕಾಣುವಂತೆ ರದ್ದಿ ಹಾಳೆ ಮುಚ್ಚಿ ಅಂಟು ಹಚ್ಚಿ. ಮಡಿಸಿದ ಅಸ್ತರನ್ನು ಮಡಿಕೆಗೆ ಮಡಿಕೆ ಸರಿಯಾಗಿ ಕೂಡುವಂತೆ ಇಟ್ಟು ಒತ್ತಿ. ಕೊನೆಯ ಪುಟಕ್ಕೂ ಹೀಗೆಯೇ. 3 ಮಿ.ಮೀ. ದಾಟಿ ಅಂಟು ಹರಡಿದರೆ ಮೊದಲ ಪುಟ ಪೂರ್ತಿ ತೆರೆದುಕೊಳ್ಳುವುದಿಲ್ಲ.

ಇನ್ನು ಒಡಲನ್ನು ನೆಟ್ಟಗೆ ಮಾಡಬೇಕು. ಬೆನ್ನನ್ನೊಮ್ಮೆ, ತಲೆಯ ಕಡೆಯನ್ನೊಮ್ಮೆ ಮೇಜಿನ ಮೇಲೆ ತಟ್ಟಿ, ಎಲ್ಲ ಕಂತೆಗಳೂ ಒಂದೇ ಮಟ್ಟಕ್ಕೆ ಬಂದಮೇಲೆ ಹಲಗೆಗಳ ನಡುವೆ ಇಟ್ಟು ಬಿಗಿ ಮಾಡಿ. ಬೆನ್ನು ಹಲಗೆಯಿಂದ 2 ಮಿ.ಮೀ. ಹೊರಗಿರಲಿ. ಮೂಲೆಮಟ್ಟ ಹಿಡಿದು ನೋಡಿ. ಅಂಟು ಬಿದ್ದ ಮೇಲೆ ಓರೆ ಇದ್ದರೆ ಅದು ಶಾಶ್ವತ. ಪಿವಿಎಯನ್ನು ತೆಳುವಾಗಿ, ಕಂತೆಗಳ ನಡುವಿನ ಸಂದಿಗೆ ಇಳಿಯುವಂತೆ ಬ್ರಷ್ಷಿನಿಂದ ತೀಡಿ. ಮೇಲೆ ಸಡಿಲ ನೇಯ್ಗೆಯ ಬಟ್ಟೆ, ಎತ್ತರದಲ್ಲಿ ಬೆನ್ನಿಗಿಂತ 10 ಮಿ.ಮೀ. ಚಿಕ್ಕದು, ಅಗಲದಲ್ಲಿ ಎರಡೂ ಕಡೆ 25 ಮಿ.ಮೀ. ಹೊರಗೆ ಇಳಿಬಿಟ್ಟಂತೆ. ಅದರ ಮೇಲೆ ಮತ್ತೆ ತೆಳುವಾಗಿ ಅಂಟು, ಬೆನ್ನಿನ ಅಗಲದ್ದೇ ಒಂದು ಕಾಗದದ ಪಟ್ಟಿ. ಟೇಪುಗಳ ತುದಿಯನ್ನೂ 25 ಮಿ.ಮೀ.ಗೆ ಕತ್ತರಿಸಿ. ಕನಿಷ್ಠ ಎರಡು ಗಂಟೆ ಅಲುಗಾಡಿಸಬೇಡಿ.

ಬೆನ್ನಿಗೆ ಅಂಟು ದಪ್ಪವಾಗಿ ಮೆತ್ತಿದರೆ ಗಟ್ಟಿ ಎಂದು ಅನ್ನಿಸುವುದು ಸಹಜ. ಹಾಳೆಗಳನ್ನು ಹಿಡಿದಿಟ್ಟಿರುವುದು ದಾರ. ಅಂಟು ಕಂತೆಗಳನ್ನು ಒಂದಕ್ಕೊಂದು ಒತ್ತಾಗಿ ಕೂರಿಸಿದರೆ ಸಾಕು. ದಪ್ಪಗೆ ಒಣಗಿದ ಅಂಟು ಬೆನ್ನು ಬಾಗಲು ಬಿಡದೆ ಪುಟಗಳನ್ನು ಮುಚ್ಚಿಸುತ್ತದೆ.

## ಹಂತ 6: ರಟ್ಟಿನ ಅಳತೆ

ಒಡಲು ಒಣಗಿ ಕೈಗೆ ಬರುವವರೆಗೆ ರಟ್ಟು ಮುಟ್ಟಬೇಡಿ. ಲೆಕ್ಕದ ಪ್ರಕಾರ 64 ಹಾಳೆಗೆ ಸುಮಾರು 6.5 ಮಿ.ಮೀ. ದಪ್ಪ ಬರಬೇಕು. ದಾರ, ಬಟ್ಟೆ, ಅಂಟು ಕೂಡಿ ಅದು 8 ಮಿ.ಮೀ. ಆಸುಪಾಸಿಗೆ ಹೋಗುತ್ತದೆ. ಮೊದಲೇ ರಟ್ಟು ಕತ್ತರಿಸಿಟ್ಟವರ ನೋಟ್‌ಬುಕ್ ಬೆನ್ನಿನಲ್ಲಿ ಬಿಗಿಯಾಗಿ ಮುಂಬದಿಯಲ್ಲಿ ಬಾಯಿ ಬಿಡುವುದು ಇದರಿಂದಲೇ. ಮೆತ್ತಗೆ ಒತ್ತಿ ಹಿಡಿದು ಬೆನ್ನಿನ ದಪ್ಪ ಅಳೆದುಕೊಳ್ಳಿ. ಇಲ್ಲಿ 8 ಎಂದಿಟ್ಟುಕೊಳ್ಳೋಣ.

ರಟ್ಟಿನ ಎತ್ತರ: ಪುಟದ ಎತ್ತರಕ್ಕೆ ಮೇಲೊಂದು ಕೆಳಗೊಂದು 3 ಮಿ.ಮೀ., ಒಟ್ಟು 154. ರಟ್ಟಿನ ಅಗಲ: ಪುಟದ ಅಗಲಕ್ಕಿಂತ 3 ಕಡಿಮೆ, 102. ಇಂಥವು ಎರಡು. ಬೆನ್ನಿನ ಪಟ್ಟಿ: ಬೆನ್ನಿನ ದಪ್ಪದ ಜೊತೆಗೆ ಎರಡು ರಟ್ಟಿನ ದಪ್ಪ, 8 ಕೂಡಿಸು 4, ಅಂದರೆ 12 ಅಗಲ, 154 ಎತ್ತರ. ರಟ್ಟಿಗೂ ಬೆನ್ನಿನ ಪಟ್ಟಿಗೂ ನಡುವೆ ಬಿಡುವ ಸಂದು 7 ಮಿ.ಮೀ.

ರಟ್ಟಿನ ಅಗಲ ಪುಟಕ್ಕಿಂತ ಕಡಿಮೆ ಎಂದು ಗಾಬರಿಯಾಗಬೇಡಿ. ಸಂದು ಅದನ್ನು ಮುಂದಕ್ಕೆ ತಳ್ಳುತ್ತದೆ, ಮುಂಬದಿಯಲ್ಲಿ 3 ಮಿ.ಮೀ. ಹೊರಚಾಚು ತಾನಾಗಿ ಬರುತ್ತದೆ. ಸಂದನ್ನು 4 ಮಿ.ಮೀ.ಗೆ ಇಳಿಸಿದರೆ ನೋಟ್‌ಬುಕ್ ತೆರೆಯುವಾಗ ರಟ್ಟು ಬೆನ್ನಿಗೆ ತಾಗಿ ಅಸ್ತರನ್ನು ಹರಿಯುತ್ತದೆ.

ರಟ್ಟನ್ನು ಹತ್ತು ಹದಿನೈದು ಹಗುರ ಗೀಟುಗಳಲ್ಲಿ ಕತ್ತರಿಸಿ. ಮೊದಲ ಮೂರು ಗೀಟು ಬ್ಲೇಡಿಗೆ ದಾರಿ ಮಾಡಿಕೊಡಲು ಮಾತ್ರ. ಮೂರೂ ತುಂಡಿನಲ್ಲಿ ನಾರು ಎತ್ತರದ ಕಡೆಗಿದೆಯೇ ಎಂದು ಬಾಣದ ಗುರುತು ನೋಡಿ.

## ಹಂತ 7: ಬಟ್ಟೆ ಹೊದಿಸುವುದು

ಬರೀ ಬಟ್ಟೆಗೆ ಅಂಟು ಹಚ್ಚಿದರೆ ನೇಯ್ಗೆಯ ಮೂಲಕ ಅದು ಮೇಲಕ್ಕೆ ಬಂದು ಕಲೆಯಾಗುತ್ತದೆ. ಹಾಗಾಗಿ ಬಟ್ಟೆಯ ಹಿಂಬದಿಗೆ ಮೊದಲು ಕಾಗದ ಕೂರಿಸಬೇಕು, ಸಾಧ್ಯವಾದರೆ ಹಿಂದಿನ ದಿನವೇ. ನಯವಾದ ಪ್ಲಾಸ್ಟಿಕ್ ಹಲಗೆಯ ಮೇಲೆ ಬಟ್ಟೆಯನ್ನು ಮಗುಚಿ ಹಾಸಿ, ನೀರು ಚಿಮುಕಿಸಿ, ಎಳೆಗಳು ನೆಟ್ಟಗಾಗುವಂತೆ ಸವರಿ. ಬಟ್ಟೆಗಿಂತ ಎಲ್ಲ ಕಡೆ 2 ಸೆಂ.ಮೀ. ದೊಡ್ಡದಾದ ತೆಳು ಕಾಗದಕ್ಕೆ ಬರೀ ಹಿಟ್ಟಿನ ಅಂಟು ಹಚ್ಚಿ ಬಟ್ಟೆಯ ಮೇಲೆ ಹೊದಿಸಿ, ನಡುವಿನಿಂದ ಅಂಚಿಗೆ ಸವರಿ ಗಾಳಿ ಓಡಿಸಿ. ಹೊರಚಾಚಿದ ಕಾಗದ ಹಲಗೆಗೆ ಅಂಟಿಕೊಂಡು, ಬಟ್ಟೆ ಒಣಗುವಾಗ ಬಿಗಿಯಾಗಿ ಚಾಚಿರುವಂತೆ ನೋಡಿಕೊಳ್ಳುತ್ತದೆ. ಮರುದಿನ ಅಂಚು ಕತ್ತರಿಸಿ ಬಿಡಿಸಿಕೊಳ್ಳಿ.

ಬಟ್ಟೆಯನ್ನು 266 ಮಿ.ಮೀ. ಅಗಲ, 190 ಮಿ.ಮೀ. ಎತ್ತರಕ್ಕೆ ಕತ್ತರಿಸಿ. ಒಳಕ್ಕೆ ಮಡಿಸಲು ಸುತ್ತ 18 ಮಿ.ಮೀ. ಸಿಗುತ್ತದೆ. ಬಟ್ಟೆಗೂ ದಿಕ್ಕಿದೆ: ನೇಯ್ಗೆಯ ಕಟ್ಟಂಚಿಗೆ ಸಮಾನಾಂತರವಾದ ಹಾಸು ಎಳೆ ಬೆನ್ನಿನ ಉದ್ದಕ್ಕೆ ಬರಲಿ. ಬಟ್ಟೆಯ ಹಿಂಬದಿಯ ಕಾಗದದ ಮೇಲೆ ಪೆನ್ಸಿಲಿನಿಂದ ಮೂರೂ ತುಂಡುಗಳ ಜಾಗ ಗುರುತಿಸಿ. ಬೆರಕೆ ಅಂಟನ್ನು ಒಂದು ರಟ್ಟಿಗೆ ಹಚ್ಚಿ ಕೂರಿಸಿ, ಮಗುಚಿ, ಬಟ್ಟೆಯ ಮೇಲೆ ಅಂಗೈ ಆಡಿಸಿ. ನಂತರ ಬೆನ್ನಿನ ಪಟ್ಟಿ, ಕೊನೆಗೆ ಎರಡನೇ ರಟ್ಟು. ಮೂರೂ ಒಂದೇ ಗೆರೆಯಲ್ಲಿ ನಿಲ್ಲುವಂತೆ ಕೆಳಗೆ ಸ್ಕೇಲು ಒತ್ತರಿಸಿ ಹಿಡಿಯಿರಿ.

ಮೂಲೆಗಳಲ್ಲೇ ಹೆಚ್ಚಿನವರು ಸೋಲುವುದು. ನಾಲ್ಕೂ ಮೂಲೆಯ ಬಟ್ಟೆಯನ್ನು 45 ಡಿಗ್ರಿ ಓರೆಯಲ್ಲಿ ಕತ್ತರಿಸಬೇಕು, ಆದರೆ ರಟ್ಟಿನ ಮೂಲೆಗೆ ತಾಗಿಸಿ ಅಲ್ಲ. ರಟ್ಟಿನ ದಪ್ಪದ ಒಂದೂವರೆ ಪಟ್ಟು, ಅಂದರೆ 3 ಮಿ.ಮೀ. ಜಾಗ ಬಿಡಬೇಕು. ತೀರ ಹತ್ತಿರ ಕತ್ತರಿಸಿದರೆ ರಟ್ಟಿನ ತುದಿ ಬರಿದಾಗಿ ಇಣುಕುತ್ತದೆ, ದೂರ ಕತ್ತರಿಸಿದರೆ ಬಟ್ಟೆ ಗುಪ್ಪೆಯಾಗುತ್ತದೆ. ಮೊದಲು ಮೇಲಿನ ಮತ್ತು ಕೆಳಗಿನ ಉದ್ದ ಬದಿಗಳನ್ನು ಅಂಟು ಹಚ್ಚಿ ಮಡಿಸಿ. ಆಗ ಮೂಲೆಯಲ್ಲಿ ಒಂದು ಪುಟ್ಟ ಕಿವಿ ಎದ್ದು ನಿಲ್ಲುತ್ತದೆ. ಅದನ್ನು ಉಗುರಿನಿಂದ ರಟ್ಟಿನ ದಪ್ಪದ ಮೇಲೆ ಒಳಕ್ಕೆ ಅದುಮಿ ಕೂರಿಸಿದ ಮೇಲೆಯೇ ಪಕ್ಕದ ಬದಿಗಳನ್ನು ಮಡಿಸಬೇಕು. ಸಂದುಗಳಲ್ಲಿ ಬಟ್ಟೆಯನ್ನು ಚಮಚದ ಬೆನ್ನಿನಿಂದ ಮೆತ್ತಗೆ ಒತ್ತಿ. ಭಾರದಡಿ ಒಂದು ರಾತ್ರಿ ಒಣಗಲಿ.

ಬೆಳಿಗ್ಗೆ ತೆಗೆದಾಗ ಎರಡೂ ರಟ್ಟು ಬಟ್ಟೆಯ ಕಡೆಗೆ ಸ್ವಲ್ಪ ಬಾಗಿರುತ್ತವೆ. ಕೆಟ್ಟಿತು ಎಂದು ಎಸೆಯಬೇಡಿ. ಹೊರಗಿನಿಂದ ಮಾತ್ರ ಎಳೆತ ಇರುವುದರಿಂದ ಹಾಗೆ ಬಾಗುವುದೇ ಸರಿ, ಮುಂದಿನ ಹಂತದಲ್ಲಿ ಅಸ್ತರು ಒಳಗಿನಿಂದ ಎಳೆದು ಅದನ್ನು ಸಮಕ್ಕೆ ತರುತ್ತದೆ.

## ಹಂತ 8: ಒಡಲು ರಟ್ಟಿಗೆ ಸೇರುವುದು

ಮೊದಲು ಅಂಟಿಲ್ಲದೆ ಕೂರಿಸಿ ನೋಡಿ. ಮೂರೂ ಕಡೆಯ ಹೊರಚಾಚು ಸಮವಾಗಿರಬೇಕು, ಬೆನ್ನು ಪಟ್ಟಿಗೆ ತಾಗಿರಬೇಕು. ಬೆನ್ನಿಗೆ ಅಂಟು ಹಾಕುವುದಿಲ್ಲ, ಅದು ಸಡಿಲವಾಗಿಯೇ ಇರಬೇಕು.

ಅಸ್ತರಿನ ಮೇಲಿನ ಹಾಳೆಯ ಕೆಳಗೆ ರದ್ದಿ ಹಾಳೆ ತೂರಿಸಿ. ಇಳಿಬಿಟ್ಟ ಬಟ್ಟೆ ಮತ್ತು ಟೇಪುಗಳನ್ನು ಹಾಳೆಯ ಮೇಲೆ ಚಪ್ಪಟೆಯಾಗಿ ಅಂಟಿಸಿ, ಅವುಗಳ ಸಮೇತ ಇಡೀ ಹಾಳೆಗೆ ನಡುವಿನಿಂದ ಅಂಚಿನ ಕಡೆಗೆ ಬೆರಕೆ ಅಂಟು ತೀಡಿ. ಎಲ್ಲೂ ಕೊಳವಾಗಿ ನಿಲ್ಲಬಾರದು, ಎಲ್ಲೂ ಒಣಗಿರಬಾರದು. ಓರೆಯಾಗಿ ಬೆಳಕಿಗೆ ಹಿಡಿದು ನೋಡಿದರೆ ಮೇಲ್ಮೈ ಒಂದೇ ಸಮ ಮಿರುಗಬೇಕು. ರದ್ದಿ ಹಾಳೆ ತೆಗೆದು, ಅದರ ಜಾಗಕ್ಕೆ ಮೇಣದ ಕಾಗದ ಇಟ್ಟು, ರಟ್ಟನ್ನು ಮೇಲಿನಿಂದ ನೆಟ್ಟಗೆ ಮುಚ್ಚಿ. ಅಂಗೈಯಿಂದ ಒತ್ತಿ.

ಮುಚ್ಚಿದ್ದನ್ನು ಪೂರ್ತಿ ತೆರೆದು ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಒದ್ದೆ ಅಸ್ತರು ಹಿಗ್ಗಿರುತ್ತದೆ. ತೆರೆದರೆ ಸಂದಿನಲ್ಲಿ ಸುಕ್ಕಾಗುತ್ತದೆ, ಆ ಸುಕ್ಕು ಹೋಗುವುದಿಲ್ಲ. ಹೊರಚಾಚು ಸರಿ ಇದೆಯೇ ಎಂಬುದನ್ನು ಮುಚ್ಚಿದಂತೆಯೇ ಹೊರಗಿನಿಂದ ನೋಡಿ. ಓರೆ ಕಂಡರೆ ಮೊದಲ ಅರ್ಧ ನಿಮಿಷದಲ್ಲಿ ಎತ್ತಿ ಮತ್ತೆ ಇಡಬಹುದು, ಅದು ದಾಟಿದರೆ ಹಾಗೆಯೇ ಬಿಡುವುದು ಮೇಲು. ಒಣಗಿದ ಪಿವಿಎ ನೀರಿಗೆ ಬಿಡುವುದಿಲ್ಲ, ಕೀಳಲು ಹೋದರೆ ಹಾಳೆಯೇ ಹರಿಯುತ್ತದೆ. ಮಗುಚಿ ಇನ್ನೊಂದು ಕಡೆಗೂ ಹೀಗೆಯೇ ಮಾಡಿ.

## ಹಂತ 9: ಒತ್ತಡ ಮತ್ತು ಮೊದಲ ತೆರೆಯುವಿಕೆ

ಎರಡೂ ಸಂದುಗಳಲ್ಲಿ ಒಂದೊಂದು ಹೆಣಿಗೆ ಕಡ್ಡಿ ಇಟ್ಟು, ಹಲಗೆಗಳ ನಡುವೆ ಸೇರಿಸಿ ಭಾರ ಹೇರಿ. ಭಾರ ಒಂದೇ ಮೂಲೆಗೆ ಬೀಳದೆ ಹಲಗೆಯ ನಡುವೆ ಇರಲಿ. ಒಂದು ಗಂಟೆಯ ನಂತರ ರಟ್ಟನ್ನು ತುಸುವೇ ಎತ್ತಿ ಹಳೆಯ ಮೇಣದ ಕಾಗದ ತೆಗೆದು, ಒಣ ರದ್ದಿ ಹಾಳೆ ಮತ್ತು ಹೊಸ ಮೇಣದ ಕಾಗದ ತೂರಿಸಿ. ಅಸ್ತರು ಬಿಟ್ಟ ತೇವ ಮೊದಲ ಪುಟಗಳಿಗೆ ಇಳಿದು ಅಲೆ ಏಳುವುದನ್ನು ಇದು ತಡೆಯುತ್ತದೆ. ಕನಿಷ್ಠ 24 ಗಂಟೆ ಹಾಗೆಯೇ ಇರಲಿ, ಮಳೆಗಾಲದ ತೇವದ ಗಾಳಿಯಿದ್ದರೆ ಎರಡು ದಿನ. ಫ್ಯಾನಿನ ಕೆಳಗೋ ಬಿಸಿಲಿಗೋ ಇಟ್ಟು ಬೇಗ ಒಣಗಿಸಲು ಹೋಗಬೇಡಿ. ಒಂದು ಮಗ್ಗುಲು ಮೊದಲು ಒಣಗಿದರೆ ಆ ಕಡೆಗೇ ರಟ್ಟು ಬಾಗುತ್ತದೆ.

ಒಣಗಿತೇ ಎಂದು ತಿಳಿಯಲು ರಟ್ಟಿನ ಒಳಮೈಯನ್ನು ಕೆನ್ನೆಗೆ ತಾಗಿಸಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ಪಸೆ ಇದೆ, ಮತ್ತೆ ಭಾರದಡಿ ಇಡಿ. ಹೊರತೆಗೆದ ಮೇಲೆ ರಟ್ಟು ಒಳಕ್ಕೆ ತುಸು ಬಾಗಿದ್ದರೆ ಚಿಂತೆಯಿಲ್ಲ. ಹೊರಕ್ಕೆ ಬಾಗಿದ್ದರೆ ಅಸ್ತರಿನ ಎಳೆತ ಸಾಲಲಿಲ್ಲ ಎಂದರ್ಥ, ಮುಂದಿನ ಸಲ ಅಸ್ತರಿಗೆ ಬರೀ ಹಿಟ್ಟಿನ ಅಂಟು ಬಳಸಿ. ಅದರಲ್ಲಿ ನೀರು ಹೆಚ್ಚಿರುವುದರಿಂದ ಹಾಳೆ ಹೆಚ್ಚು ಹಿಗ್ಗಿ, ಒಣಗುವಾಗ ಹೆಚ್ಚು ಎಳೆಯುತ್ತದೆ. ಮೂಲೆಯಿಂದ ಮೂಲೆಗೆ ತಿರುಚಿಕೊಂಡಿದ್ದರೆ ಯಾವುದೋ ಒಂದು ತುಂಡಿನ ನಾರು ಅಡ್ಡ ಕೂತಿದೆ. ಅದಕ್ಕೆ ಮದ್ದಿಲ್ಲ. ಒಡಲನ್ನು ಸಂದಿನಲ್ಲಿ ಬಿಡಿಸಿಕೊಂಡು, ಹೊಸ ಅಸ್ತರು ಹಾಕಿ, ಹೊಸ ರಟ್ಟು ಕಟ್ಟಿ. ಹೊಲಿಗೆ ಸರಿಯಾಗಿದ್ದರೆ ಒಡಲಿಗೆ ಏನೂ ಆಗಿರುವುದಿಲ್ಲ.

ಮೊದಲ ಸಲ ನಡುವಿನಿಂದ ತೆರೆಯಬೇಡಿ. ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿ, ಮೊದಲು ಎರಡೂ ರಟ್ಟುಗಳನ್ನು ಇಳಿಸಿ. ಆಮೇಲೆ ಮುಂದಿನಿಂದ ಕೆಲವು ಹಾಳೆ, ಹಿಂದಿನಿಂದ ಕೆಲವು ಹಾಳೆ ಇಳಿಸುತ್ತಾ, ಪ್ರತಿ ಸಲ ಬೆನ್ನಿನ ಹತ್ತಿರ ಬೆರಳಿನಿಂದ ಮೆತ್ತಗೆ ಸವರುತ್ತಾ ನಡುವಿಗೆ ಬನ್ನಿ.